ತಗ್ಗಿಸಿದ ಕಾರಿನ ಟೈರ್ ತಿನ್ನುವುದು ಕ್ಯಾಂಬರ್ ಅಲ್ಲ, ಟೋ: ಸಸ್ಪೆನ್ಷನ್ ಬದಲಿಸಿದ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸುವುದು ಹೇಗೆ?

ಕಾರಿನ ಸಸ್ಪೆನ್ಷನ್ ಬದಲಿಸಿದವರ ವಾಟ್ಸಾಪ್ ಗುಂಪುಗಳಲ್ಲಿ ಎರಡು ಬಗೆಯ ಸಂದೇಶಗಳು ಸುತ್ತುತ್ತಲೇ ಇರುತ್ತವೆ. ಮೊದಲನೆಯದು: ಕಾರು ತಗ್ಗಿಸಿದರೆ ಚಕ್ರ ಒಳಕ್ಕೆ ವಾಲುತ್ತದೆ, ವಾಲಿದ ಚಕ್ರ ಟೈರನ್ನು ತಿಂದು ಹಾಕುತ್ತದೆ, ಇದಕ್ಕೆ ಮದ್ದಿಲ್ಲ. ಎರಡನೆಯದು: ಹೆದರಬೇಡಿ, ಅಲೈನ್‌ಮೆಂಟ್ ಮೆಷಿನ್‌ನಲ್ಲಿ ಎಲ್ಲವೂ ಹಸಿರು ಬಂದರೆ ಆಯಿತು.

ಎರಡರಲ್ಲೂ ಅರ್ಧ ನಿಜವಿದೆ. ಆ ಅರ್ಧವನ್ನೇ ನಂಬಿ ನಾವೂ ಎರಡು ಟೈರ್ ಕಳೆದುಕೊಂಡಿದ್ದೇವೆ. ನಮ್ಮ ಹ್ಯಾಚ್‌ಬ್ಯಾಕ್‌ಗೆ ಸುಮಾರು 30 ಮಿ.ಮೀ. ತಗ್ಗಿಸುವ ಸ್ಪ್ರಿಂಗ್ ಹಾಕಿಸಿದ ದಿನವೇ ಒಂದು ಅಂಗಡಿಯಲ್ಲಿ ಅಲೈನ್‌ಮೆಂಟ್ ಆಯಿತು. ಪರದೆ ತುಂಬಾ ಹಸಿರು. ಫೋಟೋ ತೆಗೆದು ಗುಂಪಿಗೂ ಹಾಕಿದೆವು. ಕೆಲವು ತಿಂಗಳ ನಂತರ ಟೈರ್ ರೊಟೇಷನ್‌ಗೆಂದು ಚಕ್ರ ಬಿಚ್ಚಿದಾಗ ಮುಂದಿನ ಎರಡೂ ಟೈರ್‌ಗಳ ಒಳ ಅಂಚು ಬೋಳಾಗಿತ್ತು. ಹೊರಗಿನಿಂದ ನೋಡಿದರೆ ಹೊಸ ಟೈರಿನಂತೆಯೇ ಇತ್ತು. ಮಳೆಗಾಲದಲ್ಲಿ ಹೆದ್ದಾರಿಯಲ್ಲಿ ನೂರರ ವೇಗದಲ್ಲಿ ಓಡಿಸಿದ್ದ ಕಾರು ಅದು. ಟೈರಿನ ತೋಡುಗಳು ನೀರನ್ನು ಹೊರಹಾಕದಿದ್ದರೆ ಕಾರು ನೀರಿನ ಮೇಲೆ ತೇಲುತ್ತದೆ. ಸವೆದಿದ್ದು ಒಳ ಅಂಚಾದ್ದರಿಂದ ನಮ್ಮ ಕಣ್ಣಿಗೆ ಬಿದ್ದಿರಲಿಲ್ಲ, ಅಷ್ಟೇ.

ಮೂರು ಕೋನಗಳು, ಒಂದು ಗೊಂದಲ

ಮೊದಲು ಒಂದು ಮಾತು. ವೀಲ್ ಬ್ಯಾಲೆನ್ಸಿಂಗ್ ಬೇರೆ, ವೀಲ್ ಅಲೈನ್‌ಮೆಂಟ್ ಬೇರೆ. ಚಕ್ರದ ತೂಕ ಸುತ್ತಲೂ ಸಮನಾಗಿರುವಂತೆ ಸಣ್ಣ ತೂಕದ ತುಂಡುಗಳನ್ನು ಅಂಟಿಸುವುದು ಬ್ಯಾಲೆನ್ಸಿಂಗ್. ಚಕ್ರಗಳು ಯಾವ ಕೋನದಲ್ಲಿ ನಿಂತಿವೆ ಎಂದು ಅಳೆದು ತಿದ್ದುವುದು ಅಲೈನ್‌ಮೆಂಟ್. ಒಂದು ವೇಗ ದಾಟಿದ ಮೇಲೆ ಸ್ಟೀರಿಂಗ್ ನಡುಗಿದರೆ ಮೊದಲು ನೋಡಬೇಕಾದದ್ದು ಬ್ಯಾಲೆನ್ಸಿಂಗ್. ಕಾರು ಒಂದು ಕಡೆಗೆ ಎಳೆದರೆ, ಸ್ಟೀರಿಂಗ್ ಸೊಟ್ಟಗಿದ್ದರೆ, ಟೈರ್ ಒಂದೇ ಅಂಚಿನಲ್ಲಿ ಸವೆದರೆ ಅಲೈನ್‌ಮೆಂಟ್ ಕಡೆ ನೋಡಬೇಕು.

ಅಲೈನ್‌ಮೆಂಟ್‌ನಲ್ಲಿ ಮುಖ್ಯವಾಗಿ ಮೂರು ಕೋನಗಳಿವೆ. ಕುಸ್ತಿ ಪೈಲ್ವಾನ್ ಕಾಲು ಅಗಲಿಸಿ ನಿಂತದ್ದನ್ನು ಮುಂದಿನಿಂದ ನೋಡಿ: ಪಾದ ಹೊರಗೆ, ತೊಡೆ ಒಳಗೆ. ಚಕ್ರ ಹಾಗೆ ನಿಂತರೆ ಅದು ನೆಗೆಟಿವ್ ಕ್ಯಾಂಬರ್. ಇನ್ನು ನಿಮ್ಮದೇ ಪಾದಗಳನ್ನು ಮೇಲಿನಿಂದ ನೋಡಿಕೊಳ್ಳಿ. ಹೆಬ್ಬೆರಳುಗಳು ಒಂದಕ್ಕೊಂದು ಎದುರಾದರೆ ಟೋ-ಇನ್, ದೂರವಾದರೆ ಟೋ-ಔಟ್. ಮೂರನೆಯದು ಕ್ಯಾಸ್ಟರ್. ಸೈಕಲ್‌ನ ಮುಂದಿನ ಫೋರ್ಕ್ ಸ್ವಲ್ಪ ಓರೆಯಾಗಿರುತ್ತದಲ್ಲ, ಅದೇ ಓರೆ. ಕೈಬಿಟ್ಟರೆ ಸ್ಟೀರಿಂಗ್ ತಾನೇ ನೇರಕ್ಕೆ ಮರಳುವುದರಲ್ಲಿ ಇದರ ಪಾಲು ದೊಡ್ಡದು.

ಕಾರು ತಗ್ಗಿಸಿದಾಗ ಕಣ್ಣಿಗೆ ಕಾಣುವುದು ಕ್ಯಾಂಬರ್. ಹಾಗಾಗಿ ಬೈಗುಳವೆಲ್ಲ ಅದಕ್ಕೇ. ಟೋ ಬದಲಾವಣೆ ಕೆಲವೇ ಮಿ.ಮೀ. ಇರುತ್ತದೆ, ಬರಿಗಣ್ಣಿಗೆ ಕಾಣುವುದಿಲ್ಲ.

ಬೆಂಗಳೂರಿನಿಂದ ಮೈಸೂರಿಗೆ ಅರ್ಧ ಕಿಲೋಮೀಟರ್ ಅಡ್ಡಡ್ಡ

ಒಂದು ಸಣ್ಣ ಲೆಕ್ಕ ಹಾಕೋಣ. 16 ಇಂಚಿನ ರಿಮ್, ಅಂದರೆ ಸುಮಾರು 406 ಮಿ.ಮೀ. ವ್ಯಾಸ. ಮುಂದಿನ ಎರಡು ಚಕ್ರಗಳ ಒಟ್ಟು ಟೋ 3 ಮಿ.ಮೀ. ಹೊರಕ್ಕಿದೆ ಎಂದುಕೊಳ್ಳಿ. ಒಂದೊಂದು ಚಕ್ರದ ಪಾಲಿಗೆ ಸುಮಾರು 0.21 ಡಿಗ್ರಿ. ಏನೂ ಅಲ್ಲ ಅನಿಸುತ್ತದೆ. ಆದರೆ ಚಕ್ರ ನೋಡುತ್ತಿರುವ ದಿಕ್ಕು ಒಂದು, ಕಾರು ಅದನ್ನು ಎಳೆದೊಯ್ಯುತ್ತಿರುವ ದಿಕ್ಕು ಇನ್ನೊಂದು. ಈ ವ್ಯತ್ಯಾಸ ಪ್ರತಿ ಕಿಲೋಮೀಟರಿಗೆ ಸುಮಾರು 3.7 ಮೀಟರ್ ಆಗುತ್ತದೆ. ಬೆಂಗಳೂರಿನಿಂದ ಮೈಸೂರಿಗೆ ಸುಮಾರು 145 ಕಿ.ಮೀ. ನೀವು ಮೈಸೂರು ಮುಟ್ಟುವಷ್ಟರಲ್ಲಿ ಒಂದೊಂದು ಟೈರೂ ಅರ್ಧ ಕಿಲೋಮೀಟರಿಗಿಂತ ಹೆಚ್ಚು ದೂರ ಅಡ್ಡಡ್ಡ ಎಳೆಸಿಕೊಂಡಿರುತ್ತದೆ. ಇದರಲ್ಲಿ ಒಂದು ಪಾಲನ್ನು ರಬ್ಬರ್ ಬಾಗಿ, ಮತ್ತೆ ನೆಟ್ಟಗಾಗಿ ನುಂಗಿಕೊಳ್ಳುತ್ತದೆ ನಿಜ. ಉಳಿದದ್ದು ಉಜ್ಜಾಟ.

ಕ್ಯಾಂಬರ್ ಹೀಗೆ ಎಳೆದಾಡುವುದಿಲ್ಲ. ಒಂದು ಡಿಗ್ರಿ ವಾಲಿದ ಚಕ್ರದಲ್ಲಿ, 150 ಮಿ.ಮೀ. ಅಗಲದ ಟೈರ್ ಮುಖದ ಎರಡು ಅಂಚುಗಳ ಎತ್ತರದ ವ್ಯತ್ಯಾಸ ಸುಮಾರು 2.6 ಮಿ.ಮೀ. ಗಾಳಿ ತುಂಬಿದ ರಬ್ಬರ್ ಇಷ್ಟನ್ನು ಸುಲಭವಾಗಿ ಹೊಂದಿಸಿಕೊಳ್ಳುತ್ತದೆ. ಮೂರು ನಾಲ್ಕು ಡಿಗ್ರಿ ವಾಲಿಸಿದರೆ ಮಾತು ಬೇರೆ. ಆಗ ಒಳ ಅಂಚು ಖಂಡಿತ ಸವೆಯುತ್ತದೆ, ನೇರ ಬ್ರೇಕ್ ಹಾಕುವಾಗ ಹಿಡಿತವೂ ಕಡಿಮೆಯಾಗುತ್ತದೆ. ಆದರೆ 25-30 ಮಿ.ಮೀ. ತಗ್ಗಿಸಿದ ಸಾಮಾನ್ಯ ಕಾರಿನಲ್ಲಿ ಟೈರ್ ಕೊಲ್ಲುವುದು ಹೆಚ್ಚಾಗಿ ಟೋ. ನೆಗೆಟಿವ್ ಕ್ಯಾಂಬರ್ ಮತ್ತು ಟೋ-ಔಟ್ ಜೊತೆಗೂಡಿದರಂತೂ ಎರಡರ ಭಾರವೂ ಒಳ ಅಂಚಿನ ಮೇಲೇ ಬೀಳುತ್ತದೆ. ನಮ್ಮ ಕಾರಿಗೆ ಆದದ್ದು ಅದೇ.

ತಗ್ಗಿಸಿದರೆ ಟೋ ಯಾಕೆ ಬದಲಾಗಬೇಕು?

ಸ್ವಿಫ್ಟ್, ಪೋಲೋದಂಥ ಕಾರುಗಳ ಮುಂದೆ ಇರುವುದು ಮ್ಯಾಕ್‌ಫರ್ಸನ್ ಸ್ಟ್ರಟ್. ಕೆಳಗೆ ಒಂದು ಲೋವರ್ ಆರ್ಮ್, ಮೇಲೆ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಸೇರಿದ ಕಂಬ. ಸ್ಟೀರಿಂಗ್‌ನಿಂದ ಚಕ್ರಕ್ಕೆ ಬರುವ ಇನ್ನೊಂದು ಸರಳು ಟೈ ರಾಡ್. ಕಾರು ಕೆಳಗಿಳಿದಾಗ ಲೋವರ್ ಆರ್ಮ್ ಒಂದು ಕಮಾನಿನಲ್ಲಿ ತಿರುಗುತ್ತದೆ, ಟೈ ರಾಡ್ ಇನ್ನೊಂದು ಕಮಾನಿನಲ್ಲಿ. ಎರಡೂ ಪೂರ್ತಿ ಹೊಂದುವುದಿಲ್ಲ. ಆ ಸಣ್ಣ ವ್ಯತ್ಯಾಸ ಚಕ್ರವನ್ನು ಒಳಕ್ಕೋ ಹೊರಕ್ಕೋ ತಿರುಗಿಸುತ್ತದೆ. ಯಾವ ಕಡೆಗೆ ಎಂಬುದು ಸ್ಟೀರಿಂಗ್ ರ‍್ಯಾಕ್ ಎಲ್ಲಿದೆ, ಎಷ್ಟು ಎತ್ತರದಲ್ಲಿದೆ ಎಂಬುದರ ಮೇಲೆ ನಿಂತಿದೆ. ಹಾಗಾಗಿ "ತಗ್ಗಿಸಿದರೆ ಟೋ-ಔಟ್ ಆಗಿಯೇ ಆಗುತ್ತದೆ" ಎಂಬ ಸಂದೇಶವನ್ನೂ ಹಾಗೇ ನಂಬಬೇಡಿ. ಅಳೆದರಷ್ಟೇ ಗೊತ್ತಾಗುತ್ತದೆ.

ಇನ್ನೊಂದು ತಪ್ಪು ಕಲ್ಪನೆಯೂ ಇಲ್ಲೇ ಇದೆ: ಎಷ್ಟು ತಗ್ಗಿಸಿದರೆ ಅಷ್ಟು ಕ್ಯಾಂಬರ್, ಅಷ್ಟು ಒಳ್ಳೆಯ ತಿರುವು. ಸ್ಟ್ರಟ್ ಇರುವ ಕಾರಿನಲ್ಲಿ ಲೋವರ್ ಆರ್ಮ್ ಚಕ್ರದ ಕಡೆಗೆ ಇಳಿಜಾರಾಗಿರುವವರೆಗೆ, ತಗ್ಗಿಸಿದಂತೆ ನೆಗೆಟಿವ್ ಕ್ಯಾಂಬರ್ ಹೆಚ್ಚುತ್ತದೆ. ಆರ್ಮ್ ಮಟ್ಟಸಕ್ಕೆ ಬಂದು ಮೇಲ್ಮುಖವಾದ ಮೇಲೆ ಆ ಗಳಿಕೆ ಕುಗ್ಗುತ್ತಾ ಹೋಗಿ, ಒಂದು ಹಂತದಲ್ಲಿ ತಿರುಗುಮುರುಗಾಗುತ್ತದೆ. ತೀರಾ ತಗ್ಗಿಸಿದ ಕಾರು ತಿರುವಿನಲ್ಲಿ ಮೂಲ ಕಾರಿಗಿಂತ ಕೆಟ್ಟದಾಗಿ ನಡೆದುಕೊಳ್ಳಬಹುದು. ಹಳ್ಳಕ್ಕೆ ಬಿದ್ದಾಗ ಚಕ್ರ ತಾನೇ ದಿಕ್ಕು ಬದಲಿಸುವ ಬಂಪ್ ಸ್ಟೀರ್ ಕೂಡ ಹೆಚ್ಚುತ್ತದೆ. ಇದನ್ನು ಯಾವ ಅಲೈನ್‌ಮೆಂಟೂ ಸರಿಪಡಿಸುವುದಿಲ್ಲ. ಎತ್ತರ ಹೆಚ್ಚಿಸಬೇಕು, ಇಲ್ಲವೇ ಬಾಲ್ ಜಾಯಿಂಟ್ ಮತ್ತು ಟೈ ರಾಡ್ ತುದಿಗಳ ಸ್ಥಾನ ಬದಲಿಸುವ ಭಾಗಗಳನ್ನು ಹಾಕಬೇಕು.

ಹಸಿರು ಬಣ್ಣಕ್ಕೆ ನಿಮ್ಮ ಕಾರು ಗೊತ್ತಿಲ್ಲ

ಮೆಷಿನ್‌ನಲ್ಲಿರುವ ಅಂಕಿಗಳು ಕಂಪನಿಯಿಂದ ಬಂದ ಎತ್ತರದಲ್ಲಿ ನಿಂತ ಕಾರಿನವು. ಪ್ರತಿ ಅಂಕಿಗೂ ಒಂದು ಕನಿಷ್ಠ, ಒಂದು ಗರಿಷ್ಠ. ಅದರೊಳಗೆ ಎಲ್ಲಿ ಬಿದ್ದರೂ ಹಸಿರು. ಒಂದು ಕಾರಿನ ಟೋಗೆ 2 ಮಿ.ಮೀ. ಒಳಕ್ಕೂ 2 ಮಿ.ಮೀ. ಹೊರಕ್ಕೂ ಅವಕಾಶವಿದೆ ಎಂದಿಟ್ಟುಕೊಳ್ಳಿ. 1.9 ಮಿ.ಮೀ. ಹೊರಕ್ಕಿದ್ದರೂ ಪರದೆ ಹಸಿರೇ. ತಗ್ಗಿಸಿದ ಕಾರಿಗೆ ಅದು ಒಳ್ಳೆಯದಲ್ಲ. ಕ್ಯಾಂಬರ್ ವಿಷಯದಲ್ಲಿ ಇದು ತಲೆಕೆಳಗು. ತಗ್ಗಿಸಿದ ಕಾರಿನ ಎರಡೂ ಕಡೆ ಮೈನಸ್ 1.3 ಡಿಗ್ರಿ ಇದ್ದರೆ ಪರದೆ ಕೆಂಪು ತೋರಿಸಬಹುದು, ಆದರೂ ಅದು ರಸ್ತೆಗೆ ಸರಿಯಾದ ಅಂಕಿಯೇ.

ಆದ್ದರಿಂದ ಬಣ್ಣ ಬಿಡಿ, ಅಂಕಿ ಓದಿ. ಓದುವಾಗ ಒಂದು ಬಲೆ ಇದೆ. ಕೆಲವು ಮೆಷಿನ್‌ಗಳು ಡಿಗ್ರಿಯನ್ನು ದಶಮಾಂಶದಲ್ಲಿ ತೋರಿಸುತ್ತವೆ, ಕೆಲವು ಡಿಗ್ರಿ ಮತ್ತು ಮಿನಿಟ್‌ನಲ್ಲಿ. ಒಂದು ಡಿಗ್ರಿಗೆ 60 ಮಿನಿಟ್. ಅಂದರೆ 20 ಮಿನಿಟ್ ಎಂದರೆ 0.20 ಅಲ್ಲ, 0.33 ಡಿಗ್ರಿ. ಗುಂಪಿನಲ್ಲಿ ಯಾರೋ ಹಾಕಿದ ಅಂಕಿಯನ್ನು ನಕಲು ಮಾಡುವವರು ಇಲ್ಲೇ ಎಡವುವುದು. ಮಿ.ಮೀ. ಲೆಕ್ಕದಲ್ಲೂ ತೊಡಕಿದೆ. 14 ಇಂಚಿನ ರಿಮ್‌ನಲ್ಲಿ ಅಳೆದ 2 ಮಿ.ಮೀ. ಒಟ್ಟು ಟೋ ಸುಮಾರು 0.32 ಡಿಗ್ರಿ. ಅದೇ 2 ಮಿ.ಮೀ. 17 ಇಂಚಿನ ರಿಮ್‌ನಲ್ಲಿ ಸುಮಾರು 0.27 ಡಿಗ್ರಿ. ರಿಮ್ ದೊಡ್ಡದು ಮಾಡಿಸಿದವರು ಹಳೆಯ ಮಿ.ಮೀ. ಅಂಕಿಯನ್ನೇ ಹಿಡಿದುಕೊಂಡರೆ ಪ್ರಯೋಜನವಿಲ್ಲ. ಡಿಗ್ರಿಯಲ್ಲೇ ಮಾತಾಡಿ.

ಹಾಗಾದರೆ ಎಷ್ಟಿರಬೇಕು? ದಿನನಿತ್ಯ ಓಡಿಸುವ, ಸ್ವಲ್ಪ ತಗ್ಗಿಸಿದ, ಮುಂದಿನ ಚಕ್ರಕ್ಕೆ ಎಂಜಿನ್ ಬಲ ಹೋಗುವ ಕಾರಿಗೆ ನಾವು ಹೇಳುವುದು: ಮುಂದಿನ ಕ್ಯಾಂಬರ್ ಮೈನಸ್ 1ರಿಂದ ಮೈನಸ್ 1.5 ಡಿಗ್ರಿ, ಎಡಬಲದ ವ್ಯತ್ಯಾಸ 0.3 ಡಿಗ್ರಿಯೊಳಗೆ. ಮುಂದಿನ ಒಟ್ಟು ಟೋ ಸೊನ್ನೆಯಿಂದ 0.1 ಡಿಗ್ರಿ ಒಳಕ್ಕೆ, ಎರಡೂ ಚಕ್ರಗಳಿಗೆ ಸಮನಾಗಿ ಹಂಚಿರಬೇಕು. ಕ್ಯಾಸ್ಟರ್ ಹೆಚ್ಚಿನ ಕಾರುಗಳಲ್ಲಿ ತಿದ್ದಲು ಬರುವುದಿಲ್ಲ. ಎಡಬಲದ ವ್ಯತ್ಯಾಸ ಅರ್ಧ ಡಿಗ್ರಿ ದಾಟಿದ್ದರೆ ಏನೋ ಬಾಗಿದೆ ಎಂದು ಅನುಮಾನಿಸಿ. ರೇಸ್ ಟ್ರ್ಯಾಕ್‌ನವರು ಮುಂದೆ ಟೋ-ಔಟ್ ಇಡುತ್ತಾರೆ, ತಿರುವಿಗೆ ಕಾರು ಚುರುಕಾಗಿ ಒಲಿಯಲಿ ಎಂದು. ಅವರು ಟೈರ್ ಬದಲಿಸುವ ಲೆಕ್ಕ ಬೇರೆ, ನಮ್ಮದು ಬೇರೆ.

ಹಿಂದಿನ ಚಕ್ರಗಳು

ಸ್ವಿಫ್ಟ್, ಪೋಲೋ ಮುಂತಾದವುಗಳ ಹಿಂದೆ ಟಾರ್ಷನ್ ಬೀಮ್ ಇದೆ. ಎರಡೂ ಚಕ್ರ ಒಂದೇ ತೊಲೆಗೆ ಜೋಡಿಸಿರುವುದರಿಂದ ತಗ್ಗಿಸಿದರೂ ಟೋ, ಕ್ಯಾಂಬರ್ ಹೆಚ್ಚು ಬದಲಾಗುವುದಿಲ್ಲ, ತಿರುಗಿಸಲು ಬೋಲ್ಟ್ ಕೂಡ ಇಲ್ಲ. ಅಲ್ಲಿ ದೊಡ್ಡ ತಪ್ಪು ಕಂಡರೆ ತೊಲೆ ಅಥವಾ ಹಬ್ ಬಾಗಿರಬಹುದು. ಆದರೂ ಅಳೆಯಲೇಬೇಕು. ಹಿಂದಿನ ಚಕ್ರಗಳು ಒಟ್ಟಾಗಿ ಓರೆಯಾಗಿದ್ದರೆ ಕಾರು ಏಡಿಯಂತೆ ಸೊಟ್ಟ ಓಡುತ್ತದೆ, ಮುಂದೆ ಎಷ್ಟು ತಿದ್ದಿದರೂ ಸ್ಟೀರಿಂಗ್ ನೇರ ನಿಲ್ಲುವುದಿಲ್ಲ. ಆಕ್ಟೇವಿಯಾ ಆರ್‌ಎಸ್‌ನಂಥ, ಹಿಂದೆ ಮಲ್ಟಿಲಿಂಕ್ ಇರುವ ಕಾರಿನಲ್ಲಿ ಕತೆ ಬೇರೆ: ತಗ್ಗಿಸಿದಾಗ ಹಿಂದಿನ ಕ್ಯಾಂಬರ್, ಟೋ ಎರಡೂ ಬದಲಾಗುತ್ತವೆ. ಹಿಂದಿನ ಟೋ ಹೊರಕ್ಕೆ ಹೋದರೆ ಮಳೆಯಲ್ಲಿ ಕಾರಿನ ಬಾಲ ಜಾರುತ್ತದೆ. ಅಲ್ಲಿ ಸ್ವಲ್ಪ ಟೋ-ಇನ್ ಇರಲೇಬೇಕು. ಅಂಥ ಕಾರಿಗೆ ಮುಂದಿನ ಎರಡು ಚಕ್ರ ಮಾತ್ರ ಅಳೆಯುವ ಅಂಗಡಿ ಬೇಡ.

ಅಂಗಡಿಗೆ ಹೋಗುವ ಮೊದಲು, ಹೋದ ಮೇಲೆ

ಸ್ಪ್ರಿಂಗ್ ಹಾಕಿದ ದಿನವೇ ಅಲೈನ್‌ಮೆಂಟ್ ಮಾಡಿಸಿದರೆ ಸಾಲದು. ಆ ದಿನ ಟೋ ಒಮ್ಮೆ ಸರಿಪಡಿಸಿಕೊಳ್ಳಿ, ಕಾರು ಸುರಕ್ಷಿತವಾಗಿ ಓಡಬೇಕಲ್ಲ. ಸ್ಪ್ರಿಂಗ್ ಕುಳಿತುಕೊಳ್ಳಲು ಒಂದಿಷ್ಟು ನೂರು ಕಿಲೋಮೀಟರ್ ಬೇಕು. ಆಮೇಲೆ ಕಾರಿನ ಎತ್ತರ ಮತ್ತೆ ಕೆಲವು ಮಿ.ಮೀ. ಇಳಿದಿರುತ್ತದೆ. ಆಗ ಅಂತಿಮ ಅಲೈನ್‌ಮೆಂಟ್. ನಾವು ಈ ಎರಡನೇ ಸುತ್ತನ್ನು ಬಿಟ್ಟಿದ್ದೆವು.

ಹೆಚ್ಚಿನವರು ಮರೆಯುವ ಇನ್ನೊಂದು ವಿಷಯ ಲೋವರ್ ಆರ್ಮ್‌ನ ರಬ್ಬರ್ ಬುಷ್. ಚಕ್ರ ಗಾಳಿಯಲ್ಲಿ ನೇತಾಡುತ್ತಿರುವಾಗಲೇ ಅದರ ಬೋಲ್ಟ್ ಬಿಗಿಮಾಡಿದರೆ, ಕಾರು ನೆಲಕ್ಕಿಳಿದಾಗ ರಬ್ಬರ್ ಸದಾ ತಿರುಚಿಕೊಂಡೇ ಇರುತ್ತದೆ. ಬೇಗ ಹರಿಯುತ್ತದೆ, ಎತ್ತರವೂ ತಪ್ಪು ತೋರುತ್ತದೆ. ಕಾರಿನ ಭಾರ ಚಕ್ರದ ಮೇಲೆ ಬಿದ್ದ ನಂತರವೇ ಕೊನೆಯ ಬಿಗಿ ಕೊಡಬೇಕು. ಎತ್ತರ ತಿದ್ದಬಹುದಾದ ಕಾಯಿಲೋವರ್ ಹಾಕಿಸಿದ್ದರೆ ಮೊದಲು ಎಡಬಲ ಎತ್ತರ ಸಮ ಮಾಡಿಸಿ. ಅಲೈನ್‌ಮೆಂಟ್ ಆದ ಮೇಲೆ "ಇನ್ನೊಂಚೂರು ಕೆಳಗೆ" ಎಂದು ತಿರುಗಿಸಿದರೆ ಕೊಟ್ಟ ದುಡ್ಡು ವ್ಯರ್ಥ.

ಸವೆದ ಬಾಲ್ ಜಾಯಿಂಟ್, ಸಡಿಲ ಟೈ ರಾಡ್ ತುದಿ ಇದ್ದರೆ ಅಳತೆಗೆ ಅರ್ಥವಿಲ್ಲ. ನಾಲ್ಕೂ ಟೈರ್‌ಗಳಲ್ಲಿ ಗಾಳಿ ಸರಿಯಿರಲಿ. ಡಿಕ್ಕಿಯಲ್ಲಿರುವ ಅಕ್ಕಿ ಮೂಟೆ ಇಳಿಸಿ. ಸಾಮಾನ್ಯವಾಗಿ ಒಬ್ಬರೇ ಓಡಿಸುವವರಾದರೆ, ಅಳೆಯುವಾಗ ಡ್ರೈವರ್ ಸೀಟಿನಲ್ಲಿ ಯಾರನ್ನಾದರೂ ಕೂರಿಸಿದರೆ ಇನ್ನೂ ಒಳ್ಳೆಯದು.

ಕೆಲಸದ ಕ್ರಮವೂ ಮುಖ್ಯ. ಹಿಂದೆ ತಿದ್ದಲು ಬರುವಂತಿದ್ದರೆ ಮೊದಲು ಹಿಂದೆ. ಆಮೇಲೆ ಮುಂದಿನ ಕ್ಯಾಸ್ಟರ್, ಕ್ಯಾಂಬರ್. ಕೊನೆಗೆ ಸ್ಟೀರಿಂಗ್ ನೇರ ಹಿಡಿದು ಟೋ. ಕ್ಯಾಂಬರ್ ಮುಟ್ಟಿದರೆ ಟೋ ಬದಲಾಗುತ್ತದೆ, ಹಾಗಾಗಿ ಟೋ ಯಾವಾಗಲೂ ಕೊನೆಗೆ. ಇದನ್ನು ತಿರುವುಮುರುವು ಮಾಡುವ ಮೆಕ್ಯಾನಿಕ್ ಕಂಡರೆ ಕೇಳಲು ಸಂಕೋಚಪಡಬೇಡಿ.

ಕಂಪನಿಯಿಂದ ಬಂದ ಹಾಗಿರುವ ಹೆಚ್ಚಿನ ಸ್ಟ್ರಟ್ ಕಾರುಗಳಲ್ಲಿ ಕ್ಯಾಂಬರ್ ತಿದ್ದಲು ಜಾಗವಿರುವುದಿಲ್ಲ, ಅಥವಾ ಬಹಳ ಕಡಿಮೆ. ಆಗ ನಮ್ಮ ಊರುಗಳ ಟೈರ್ ಅಂಗಡಿಗಳಲ್ಲಿ ಒಂದು ಉಪಾಯ ಹೇಳುತ್ತಾರೆ: "ಕ್ಯಾಂಬರ್ ಬೆಂಡ್ ಮಾಡಿಕೊಡ್ತೀವಿ ಸಾರ್." ಹೈಡ್ರಾಲಿಕ್ ಉಪಕರಣದಿಂದ ಸ್ಟ್ರಟ್ಟನ್ನೇ ಒತ್ತಿ ಬಾಗಿಸುವುದು ಎಂದರ್ಥ. ಒಪ್ಪಬೇಡಿ. ಹೊಸದಾಗಿ ದುಡ್ಡು ಸುರಿದು ಹಾಕಿಸಿದ ಶಾಕ್ ಅಬ್ಸಾರ್ಬರ್‌ನ ಮೈ ಬಾಗಿದರೆ ಒಳಗಿನ ರಾಡ್ ಉಜ್ಜಿ ಸೀಲ್ ಹಾಳಾಗುತ್ತದೆ. ಸರಿಯಾದ ದಾರಿ ಕ್ಯಾಂಬರ್ ಬೋಲ್ಟ್: ಸ್ಟ್ರಟ್ಟನ್ನು ಚಕ್ರದ ಭಾಗಕ್ಕೆ ಹಿಡಿದಿರುವ ಎರಡು ಬೋಲ್ಟ್‌ಗಳಲ್ಲಿ ಒಂದನ್ನು ತೆಗೆದು, ಮಧ್ಯಭಾಗ ಓರೆಯಾಗಿರುವ ಬೋಲ್ಟ್ ಹಾಕುವುದು. ಸುಮಾರು ಒಂದರಿಂದ ಒಂದೂವರೆ ಡಿಗ್ರಿಯಷ್ಟು ತಿದ್ದಬಹುದು. ಅದನ್ನು ಹೇಳಿದ ಬಿಗಿಗೇ ಟಾರ್ಕ್ ರೆಂಚ್‌ನಲ್ಲಿ ಬಿಗಿಸಿ, ಪೇಂಟ್‌ನಿಂದ ಒಂದು ಗೆರೆ ಎಳೆಸಿಕೊಳ್ಳಿ. ಜಾರಿದರೆ ಗೆರೆ ತಪ್ಪಿದ್ದು ಕಾಣುತ್ತದೆ. ಪೋಲೋದಂಥ ಕಾರುಗಳಲ್ಲಿ ಸಬ್‌ಫ್ರೇಮ್ ಸಡಿಲಿಸಿ ಕೊಂಚ ಸರಿಸಿ ಎಡಬಲ ಸಮ ಮಾಡಲೂ ಸಾಧ್ಯ.

ಕೊನೆಗೆ ಮೊದಲಿನ ಅಂಕಿ, ನಂತರದ ಅಂಕಿ ಎರಡೂ ಇರುವ ಪ್ರಿಂಟ್ ಕೇಳಿ ಪಡೆಯಿರಿ. ಅಲೈನ್‌ಮೆಂಟ್‌ಗೆ ಕೆಲವು ನೂರು ರೂಪಾಯಿ ಕೊಡುತ್ತೀರಿ, ಆ ಕಾಗದ ನಿಮ್ಮದು.

ಕಾರು ಎಡಕ್ಕೆ ಎಳೆದರೆ

ನಮ್ಮಲ್ಲಿ ಎಡಬದಿಯಲ್ಲಿ ಓಡಿಸುತ್ತೇವೆ. ಮಳೆನೀರು ಹರಿದು ಹೋಗಲೆಂದು ರಸ್ತೆ ಅಂಚಿಗೆ ಇಳಿಜಾರಾಗಿರುತ್ತದೆ. ಕೈಬಿಟ್ಟರೆ ಕಾರು ನಿಧಾನವಾಗಿ ಎಡಕ್ಕೆ ಸರಿಯುವುದು ಸಹಜ, ಅದಕ್ಕೆ ಅಲೈನ್‌ಮೆಂಟ್ ಬೈಯಬೇಡಿ. ಜೋರಾಗಿ ಎಳೆದರೆ ಮೊದಲು ಮುಂದಿನ ಎರಡು ಚಕ್ರಗಳನ್ನು ಅದಲುಬದಲು ಮಾಡಿ ನೋಡಿ (ಒಂದೇ ದಿಕ್ಕಿಗೆ ತಿರುಗಬೇಕೆಂದು ಬಾಣದ ಗುರುತಿರುವ ಟೈರ್ ಆಗಿದ್ದರೆ ಬೇಡ). ಎಳೆತ ಇನ್ನೊಂದು ಕಡೆಗೆ ಹೋದರೆ ತಪ್ಪು ಟೈರಿನದು. ಹಾಗೇ ಉಳಿದರೆ ಅಂಕಿ ನೋಡಿ: ಕ್ಯಾಂಬರ್ ಹೆಚ್ಚು ಪಾಸಿಟಿವ್ ಇರುವ ಕಡೆಗೆ, ಕ್ಯಾಸ್ಟರ್ ಕಡಿಮೆ ಇರುವ ಕಡೆಗೆ ಕಾರು ಎಳೆಯುತ್ತದೆ.

ಕಾನೂನು ಮತ್ತು ವಿಮೆ

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ವಾಹನದ ಮಾರ್ಪಾಡಿನ ಬಗ್ಗೆ ಇದೆ. ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ವಾಹನ ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ, ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೆ ಮಾಲೀಕರಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಅಥವಾ ಎರಡೂ ಆಗಬಹುದು. "ಸ್ಪ್ರಿಂಗ್‌ಗೆ ಏನೂ ಆಗಲ್ಲ" ಎಂದು ಅಂಗಡಿಯವರು ಹೇಳುವ ಮಾತನ್ನು ನೆಚ್ಚಬೇಡಿ. ಹಾಕಿಸುವ ಮೊದಲು ಆರ್‌ಟಿಒದಲ್ಲಿ ಕೇಳಿ, ವಿಮಾ ಕಂಪನಿಗೂ ಬರವಣಿಗೆಯಲ್ಲಿ ತಿಳಿಸಿ. ಹೇಳದೆ ಮುಚ್ಚಿಟ್ಟರೆ ಅಪಘಾತದ ನಂತರ ಕ್ಲೇಮ್ ಹೊತ್ತಿಗೆ ತಕರಾರು ಬರುತ್ತದೆ.

ಮನೆಯಲ್ಲೇ ಎರಡು ನಿಮಿಷ

ಸ್ಟೀರಿಂಗ್ ಪೂರ್ತಿ ಒಂದು ಕಡೆಗೆ ತಿರುಗಿಸಿ ಕಾರು ನಿಲ್ಲಿಸಿ, ಎಂಜಿನ್ ಆರಿಸಿ. ಈಗ ಮುಂದಿನ ಟೈರಿನ ಒಳ ಅಂಚು ಕಾಣುತ್ತದೆ. ಫೋನ್‌ನ ಟಾರ್ಚ್ ಹಾಕಿ ನೋಡಿ. ತೋಡುಗಳ ನಡುವೆ ಇರುವ ಸಣ್ಣ ಉಬ್ಬುಗಳ ಎತ್ತರ 1.6 ಮಿ.ಮೀ.; ಟೈರ್ ಮುಖ ಆ ಮಟ್ಟಕ್ಕೆ ಬಂದಿದ್ದರೆ ಟೈರ್ ಮುಗಿದಿದೆ, ಒಳ ಅಂಚಿನಲ್ಲಿ ಮಾತ್ರ ಹಾಗಾಗಿದ್ದರೂ. ನಂತರ ಅಂಗೈಯನ್ನು ಟೈರ್ ಮುಖದ ಮೇಲೆ ಒಳಗಿನಿಂದ ಹೊರಕ್ಕೆ, ಹೊರಗಿನಿಂದ ಒಳಕ್ಕೆ ಮೆಲ್ಲಗೆ ಸವರಿ. ತಂತಿ ಹೊರಬಿದ್ದಿದ್ದರೆ ಕೈ ಹಾಕಬೇಡಿ. ಒಂದು ಕಡೆ ನುಣುಪು, ಇನ್ನೊಂದು ಕಡೆ ಗರಗಸದ ಹಲ್ಲಿನಂತೆ ಸಿಕ್ಕಿದರೆ ಟೋ ತಪ್ಪಿದೆ ಎಂದೇ ಹೆಚ್ಚಿನ ಮಟ್ಟಿಗೆ ಹೇಳಬಹುದು. ಹಲ್ಲಿಲ್ಲದೆ ಒಳ ಅಂಚು ಮಾತ್ರ ನುಣ್ಣಗೆ ಸವೆದಿದ್ದರೆ ಕ್ಯಾಂಬರ್ ಮೇಲೆ ಅನುಮಾನ.

ತಗ್ಗಿಸಿದ ಮೇಲೆ ಹೆಡ್‌ಲೈಟ್‌ನ ದಿಕ್ಕನ್ನೂ ಒಮ್ಮೆ ಸರಿಮಾಡಿಸಿ. ಮುಂದೆ ಹಿಂದೆ ಬೇರೆ ಬೇರೆ ಪ್ರಮಾಣದಲ್ಲಿ ಇಳಿದಿದ್ದರೆ ಬೆಳಕು ಎದುರಿನವರ ಕಣ್ಣಿಗೋ, ನಿಮ್ಮದೇ ಬಂಪರ್ ಮುಂದಿನ ನೆಲಕ್ಕೋ ಬೀಳುತ್ತದೆ. ಸ್ಟೀರಿಂಗ್ ಕೋನದ ಸೆನ್ಸರ್ ಇರುವ ಕಾರಾದರೆ ಅಲೈನ್‌ಮೆಂಟ್ ನಂತರ ಅದನ್ನು ಮತ್ತೆ ಸೊನ್ನೆಗೆ ಹೊಂದಿಸಬೇಕಾಗಬಹುದು. ಡ್ಯಾಶ್‌ಬೋರ್ಡ್‌ನಲ್ಲಿ ಎಚ್ಚರಿಕೆಯ ದೀಪ ಉಳಿದರೆ ಅದನ್ನೇ ಮೊದಲು ಕೇಳಿ. ದೊಡ್ಡ ಗುಂಡಿಗೆ ಚಕ್ರ ಬಡಿದು ಸ್ಟೀರಿಂಗ್ ನೇರ ನಿಲ್ಲದಂತಾದರೆ ಮುಂದಿನ ಸರ್ವಿಸ್‌ವರೆಗೆ ಕಾಯಬೇಡಿ. ಹಳೆಯ ಪ್ರಿಂಟ್ ಕಾಗದ ಹಿಡಿದು ಮತ್ತೆ ಅಳೆಸಿ, ಯಾವ ಅಂಕಿ ಬದಲಾಗಿದೆ ಎಂದು ನೋಡಿ.